ಬಿಳಿಜೇಡಿ, ಕೆಂಪುಹಂಚು ಮತ್ತು ಪರಂಪರೆಯ ಪಟ್ಟಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪರಂಪರೆಯನ್ನು ಕುರಿತ ಬರೆಹಗಳು ಸಾಮಾನ್ಯವಾಗಿ ತಾರಕೇಶ್ವರ, ಅಬಲೂರಿನ ದೇವಾಲಯಗಳು, ನವಾಬರ ಅರಮನೆ, ಕನಕದಾಸರ ಬಾಡ ಇವುಗಳಲ್ಲಿಯೇ ಮುಗಿಯುತ್ತವೆ. ದುಡಿಮೆಯ ಕಟ್ಟಡಗಳಿಗೆ ಅಲ್ಲಿ ಸ್ಥಾನವಿಲ್ಲ. ಆದರೆ ಅರೆಮಲೆನಾಡಾದ ಹಾನಗಲ್ಲ ಸೀಮೆಯ ಹಳೆಯ ಮನೆಗಳ ಮಾಡು ಮಂಗಳೂರು ಹಂಚಿನದು. ಸವಣೂರಿನತ್ತ ಸರಿದಂತೆ ಮಣ್ಣಿನ ಮಾಳಿಗೆ ಹೆಚ್ಚುತ್ತದೆ. ಆ ಹಂಚುಗಳ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಶಾಸನದ ಸವೆದ ಅಕ್ಷರವೊಂದಕ್ಕಾಗಿ ಪುಟಗಟ್ಟಲೆ ಚರ್ಚಿಸುವ ವಿದ್ವತ್ತು ಈ ಅಕ್ಷರಗಳನ್ನು ಓದುವುದು ವಿರಳ.

ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಅಲ್ಲಿಂದ ಹಬ್ಬಿದ ಉದ್ಯಮದ ಕಟ್ಟಡಗಳು ಮಣ್ಣಿನ ಸ್ವಭಾವಕ್ಕೆ ತಕ್ಕಂತೆ ರೂಪುಗೊಂಡವು. ಹಸಿ ಹಂಚನ್ನು ನೇರವಾಗಿ ಬೆಂಕಿಗಿಟ್ಟರೆ ಅದು ಸೀಳುತ್ತದೆ, ನಿಧಾನವಾಗಿ ಒಣಗಬೇಕು. ಕರಾವಳಿಯ ಮಳೆಗಾಲದಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲ. ಆದುದರಿಂದ ಭಟ್ಟಿಯ ಸುತ್ತಲೂ ಮೇಲೂ ಮರದ ಅಟ್ಟಗಳನ್ನು ಕಟ್ಟಿ, ಮೇಲೇರುವ ಶಾಖದಿಂದಲೇ ಹಂಚನ್ನು ಒಣಗಿಸುವ ಕ್ರಮ ಬಳಕೆಗೆ ಬಂದಿತು. ಹೊರಗಿನಿಂದ ದೊಡ್ಡ ಕಣಜದಂತೆ ಕಾಣುವ ಈ ಕಟ್ಟಡ ವಸ್ತುತಃ ಒಂದು ಯಂತ್ರ.

ಮಂಗಳೂರಿನ ಹಂಚಿನ ಮಣ್ಣು ನದಿ ತಂದ, ಕಬ್ಬಿಣಾಂಶವುಳ್ಳ ಜೇಡಿ, ಸುಟ್ಟಾಗ ಕೆಂಪಾಗುತ್ತದೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಶಿಥಿಲಗೊಂಡು ಉಂಟಾಗುವ ಚೀನೀಮಣ್ಣು ಬೆಳ್ಳಗೆ ಉಳಿಯುತ್ತದೆ. ಆದರೂ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಉಳಿದಿರುವ ಚೀನೀಮಣ್ಣಿನ ಒಣಗುಮನೆಗಳೂ ಇದೇ ತರ್ಕದವು: ಒಂದು ತುದಿಯಲ್ಲಿ ಒಲೆ, ಇನ್ನೊಂದರಲ್ಲಿ ಚಿಮಣಿ, ನಡುವೆ ನೆಲದಡಿಯ ಹೊಗೆನಾಳಗಳು, ಒಂದು ಬದಿಗೆ ಮಣ್ಣು ತಂಗುವ ತೊಟ್ಟಿಗಳು, ಇನ್ನೊಂದು ಬದಿಯ ತಗ್ಗಿನಲ್ಲಿ ದಾಸ್ತಾನು. ವೀಲ್ ಮಾರ್ಟಿನ್ ವಸ್ತುಸಂಗ್ರಹಾಲಯದಲ್ಲಿ ಈ ಕೆಲಸದ ಸರಣಿಯನ್ನೇ ಕಾಪಾಡಲಾಗಿದೆ.

ಕರ್ನಾಟಕದಲ್ಲಿ ಪ್ರಾಚೀನ ಸ್ಮಾರಕಗಳ 1961ರ ಕಾಯಿದೆ ನೂರು ವರ್ಷದ ಪ್ರಾಯವನ್ನು ಕೇಳುತ್ತದೆ. ದುಡಿಯುವ ಕಟ್ಟಡಕ್ಕೆ ಈ ಅಳತೆ ಹೊಂದುವುದಿಲ್ಲ. ಭಟ್ಟಿಯ ಇಟ್ಟಿಗೆ ಬದಲಾಗುತ್ತಲೇ ಇರುತ್ತದೆ, ಅಟ್ಟದ ಹಲಗೆ ಕೊಳೆತರೆ ಹೊಸದು ಬರುತ್ತದೆ; ಹಳೆಯದಾಗಿ ಉಳಿಯುವುದು ವಿನ್ಯಾಸ ಮಾತ್ರ. ಕಾಂಕ್ರೀಟು ಬಂದ ಮೇಲೆ ಬೇಡಿಕೆ ಕುಸಿದು ಹಲವು ಕಾರ್ಖಾನೆಗಳು ಮುಚ್ಚಿದವು. ಚಿಮಣಿಯೊಂದನ್ನು ಗುರುತಿಗೆ ಉಳಿಸಿ ಉಳಿದುದನ್ನು ಕೆಡವುವುದು ಸಂರಕ್ಷಣೆಯಲ್ಲ. ಅಟ್ಟವಿಲ್ಲದ ಚಿಮಣಿ ಏನನ್ನೂ ಹೇಳಲಾರದು. ಶಾಖದ ದಾರಿಯನ್ನು ತೋರುವ ನಕ್ಷೆ, ಮಣ್ಣು ಹೊತ್ತವರ ಮತ್ತು ಭಟ್ಟಿ ಕಾಯ್ದವರ ವೃತ್ತಿಪದಗಳ ಸಂಗ್ರಹ ಮೊದಲು ಆಗಬೇಕು.

ಈ ಕಾರ್ಯ ಕರಾವಳಿಗಷ್ಟೇ ಸೀಮಿತವಾಗಬೇಕಿಲ್ಲ. ಹಾನಗಲ್ಲಿನ ಹಳ್ಳಿಯಲ್ಲಿ ಹಳೆಯ ಮಾಡು ಇಳಿಸಿ ಸ್ಲ್ಯಾಬ್ ಹಾಕುವ ದಿನ, ಅಂಗಳದಲ್ಲಿ ಪೇರಿಸಿದ ಹಂಚುಗಳಿಂದ ಕಾರ್ಖಾನೆಯ ಹೆಸರು, ಮನೆಯ ಕಾಲ, ಊರು ಇವಿಷ್ಟನ್ನು ದಾಖಲಿಸಿದರೆ, ಕೆಡವಲ್ಪಟ್ಟ ಕಾರ್ಖಾನೆಯೊಂದರ ಮಾರುಕಟ್ಟೆ ಎಲ್ಲಿಯವರೆಗೆ ಹಬ್ಬಿತ್ತೆಂಬುದು ತಿಳಿದುಬರುತ್ತದೆ.