ಆಷಾಢದ ಗಂಟೆ, ಕಾರ್ತಿಕದ ಗಂಟೆ

ರಾಯದುರ್ಗ, ಮಡಕಶಿರಾ ಕಡೆಯವರಿಗೆ ಆಷಾಢದ ಗಾಳಿಯ ಪರಿಚಯ ಮಾಡಿಕೊಡಬೇಕಿಲ್ಲ. ಕಣೇಕಲ್ ಬಳಿ ವೇದಾವತಿಯ ಪಾತ್ರದಿಂದ ಮರಳೆತ್ತಿ ಹೊಲಕ್ಕೆ ಸುರಿಯುವುದು ಆ ಗಾಳಿಯೇ. ಹಳೆಯ ಅನಂತಪುರ ಜಿಲ್ಲೆಯ ರಾಮಗಿರಿ ಗುಡ್ಡಗಳಿಗೆ 1990ರ ದಶಕದಲ್ಲೇ ಗಾಳಿಯಂತ್ರಗಳನ್ನು ತರಿಸಿದ್ದೂ ಅದೇ. ಆದರೆ ಆ ಯಂತ್ರಗಳನ್ನು ನೋಡಿಕೊಳ್ಳುವ ಕರಾರುಗಳ ‘ಮೆಷಿನ್ ಅವೈಲಬಿಲಿಟಿ’ ಕಲಮನ್ನು ಓದಿದರೆ, ವರ್ಷವಿಡೀ ಒಂದೇ ಸಮ ಗಾಳಿ ಬೀಸುವ ಯಾವುದೋ ಊರಿಗಾಗಿ ಬರೆದಂತಿದೆ.

ಕಲಮಿನ ಲೆಕ್ಕ ಸರಳ. ವರ್ಷಕ್ಕೆ 8,760 ಗಂಟೆ, ಅದರಲ್ಲಿ ಶೇ. 95ರಷ್ಟು ಹೊತ್ತು ಯಂತ್ರ ಓಡಲು ಸಿದ್ಧವಿದ್ದರೆ ಗುತ್ತಿಗೆದಾರ ಮಾತು ಉಳಿಸಿಕೊಂಡಂತೆ. ಉಳಿದ 438 ಗಂಟೆ, ಅಂದರೆ ಹದಿನೆಂಟು ದಿನ, ರಿಪೇರಿಗೆ ಮಾಫಿ. ಆ ಹದಿನೆಂಟು ದಿನ ಯಾವ ತಿಂಗಳಿನವು ಎಂದು ಕಲಮು ಕೇಳುವುದಿಲ್ಲ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 2 ಮೆಗಾವಾಟ್ ಯಂತ್ರವೊಂದು ಆಷಾಢದಲ್ಲಿ ಸರಾಸರಿ 1,200 ಕಿಲೋವಾಟ್, ಕಾರ್ತಿಕದಲ್ಲಿ 200 ಕಿಲೋವಾಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಅದೇ 438 ಗಂಟೆ ಒಂದು ಕಡೆ 5,25,600 ಯೂನಿಟ್ ನುಂಗುತ್ತದೆ, ಇನ್ನೊಂದು ಕಡೆ 87,600. ವರದಿಯಲ್ಲಿ ಎರಡಕ್ಕೂ ಶೇ. 95. ಬಿತ್ತನೆಯ ವಾರ ನಾಪತ್ತೆಯಾಗಿ ಬೇಸಿಗೆಯೆಲ್ಲ ತಪ್ಪದೆ ಬಂದ ಆಳಿಗೆ ಪೂರ್ತಿ ಹಾಜರಿ ಬರೆದಂತೆ.

ಇನ್ನೊಂದು ಲೋಪ ಇದಕ್ಕಿಂತ ನಯವಾದದ್ದು. ದೋಷವಿದ್ದು ಅರ್ಧ ಶಕ್ತಿಯಲ್ಲಿ ಓಡುವ ಯಂತ್ರವೂ ಗಂಟೆ ಲೆಕ್ಕದಲ್ಲಿ ಪೂರ್ತಿ ಲಭ್ಯ. ರೆಕ್ಕೆಯ ಅಂಚು ಸವೆದು ಉತ್ಪಾದನೆ ಕುಸಿದರೂ ಅಷ್ಟೇ.

ಅಂತರರಾಷ್ಟ್ರೀಯ ಮಾನಕ ಐಇಸಿ 61400-26 ಇದನ್ನು ಗಮನಿಸದೆ ಇಲ್ಲ. 2011ರಲ್ಲಿ ಸಮಯದ ಲೆಕ್ಕ ಬಂತು, 2014ರಲ್ಲಿ ಉತ್ಪಾದನೆಯ ಲೆಕ್ಕ. 2019ರಲ್ಲಿ ಎರಡನ್ನೂ ಒಂದೇ ದಾಖಲೆಯಲ್ಲಿ ಸೇರಿಸಿದರು. ಉತ್ಪಾದನೆಯ ಲೆಕ್ಕವೇ ಮೇಲು ಎಂಬುದು ನನ್ನ ಅಭಿಪ್ರಾಯ, ಆದರೆ ಅದೂ ಜಗಳದಿಂದ ಪಾರಲ್ಲ. ನಿಂತ ಯಂತ್ರ ಎಷ್ಟು ಕೊಡುತ್ತಿತ್ತು ಎಂಬುದು ಊಹೆ. ರೆಕ್ಕೆಗಳ ಹಿಂದೆ ಕೂತ ಗಾಳಿಮಾಪಕ, ಯಂತ್ರ ತಿರುಗುವಾಗ ಒಂದು ಹೇಳಿದರೆ ನಿಂತಾಗ ಇನ್ನೊಂದು ಹೇಳುತ್ತದೆ. ಪಕ್ಕದ ಯಂತ್ರಗಳ ಉತ್ಪಾದನೆಯನ್ನು ಅಳತೆಗಿಟ್ಟುಕೊಳ್ಳುವುದೇ ವಾಸಿ. ಯಂತ್ರಗಳ ಸ್ಥಿತಿಯನ್ನು ದಾಖಲಿಸುವ ಸ್ಕಾಡಾ ವ್ಯವಸ್ಥೆಯ ಹತ್ತು ನಿಮಿಷದ ದತ್ತಾಂಶ ಗುತ್ತಿಗೆದಾರನ ಕೈಯಲ್ಲಷ್ಟೇ ಇದ್ದರೆ ಇದರಿಂದಲೂ ಉಪಯೋಗವಿಲ್ಲ. ಪರೀಕ್ಷೆ ಬರೆದವನೇ ಅಂಕ ಕೊಡುವ ಪದ್ಧತಿ ಅದು.

ಗ್ರಿಡ್ ಹೋದ ಗಂಟೆಗಳನ್ನು ಗುತ್ತಿಗೆದಾರನ ತಲೆಗೆ ಕಟ್ಟಬಾರದು, ನಿಜ. 2019ರಲ್ಲಿ ಆಂಧ್ರ ಸರ್ಕಾರ ಗಾಳಿ ವಿದ್ಯುತ್ತಿನ ದರಗಳನ್ನು ಮತ್ತೆ ಚೌಕಾಸಿಗೆ ಎಳೆದಾಗ ಉತ್ಪಾದನೆ ಕಡಿತದ ಆದೇಶಗಳೂ ತಕರಾರಾದವು. ಅಂಥ ಹೊತ್ತಿನಲ್ಲಿ ಆದೇಶದಿಂದ ನಿಂತದ್ದು ಯಾವುದು, ಕೆಟ್ಟು ನಿಂತದ್ದು ಯಾವುದು ಎಂದು ಬೇರೆ ಬೇರೆ ಬರೆದಿಡದ ಕರಾರು ಎರಡೂ ಕಡೆಯವರನ್ನು ಕೋರ್ಟಿಗೆ ಕಳಿಸುತ್ತದೆ.

ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ಹವಾಮಾನದ ವಿನಾಯಿತಿ. ಜೋರು ಗಾಳಿಯಲ್ಲಿ ಕ್ರೇನ್ ಎತ್ತಲಾಗದು, ಗೋಪುರದ ಮೇಲೆ ಜನರನ್ನು ಹತ್ತಿಸಲಾಗದು, ಇದರಲ್ಲಿ ತಕರಾರಿಲ್ಲ. ಆದರೆ ಹಾಗೆ ಕಾಯ್ದ ಹೊತ್ತನ್ನೆಲ್ಲ ಲೆಕ್ಕದಿಂದ ತೆಗೆದರೆ ವರ್ಷದ ಅತ್ಯಂತ ಬೆಲೆಬಾಳುವ ಗಂಟೆಗಳೇ ಮಾಯ. ಗೇರ್‌ಬಾಕ್ಸು ಇನ್ನೂ ಗೋದಾಮಿನಲ್ಲಿದ್ದಾಗ ಗಾಳಿಯನ್ನು ದೂರುವುದು ಸುಲಭ. ಬಿಡಿಭಾಗವೂ ಕ್ರೇನೂ ಯಂತ್ರದ ಬುಡಕ್ಕೆ ಬಂದ ದಿನದಿಂದಲೇ ವಿನಾಯಿತಿ ಶುರುವಾಗಲಿ, ಅದಕ್ಕೂ ಮೊದಲಿನ ಗಂಟೆಗಳು ಗುತ್ತಿಗೆದಾರನ ಖಾತೆಗೆ ಬೀಳಲಿ.