ಗುಳಿಗೆಗೆ ಮೊದಲು ಬೇರು

ಸೂರ್ಯಕಾಂತಿಯೋ ಶೇಂಗಾವೋ ಹುಟ್ಟಿ ಮೂರ್ನಾಲ್ಕು ವಾರಕ್ಕೆ ಹೊಲದಲ್ಲಿ ಅಲ್ಲಲ್ಲಿ ಸಸಿ ಹಳದಿಯಾಗಿ, ಮಧ್ಯಾಹ್ನದ ಬಿಸಿಲಿಗೆ ಬಾಡಿ ನಿಂತರೆ ನಮ್ಮಲ್ಲಿ ಮೊದಲು ಬೀಳುವುದು ಯೂರಿಯಾ. ಅದಕ್ಕೂ ಬಗ್ಗದಿದ್ದರೆ ಗುಳಿಗೆ ಔಷಧ. ಸಸಿ ಕಿತ್ತು ಬೇರು ನೋಡುವವರು ಕಡಿಮೆ.

ನೋಡಿದರೆ ತಿಳಿಯುವುದು ಬಹಳ ಇದೆ. ಶೇಂಗಾದ ಬೇರಿನಲ್ಲಿ ಸಾರಜನಕದ ಗಂಟೂ ಇರುತ್ತದೆ, ಬೇರು ತಿನ್ನುವ ಜಂತುಹುಳುವಿನ (ನೆಮಟೋಡ್) ಗಂಟೂ ಇರಬಹುದು. ಮೊದಲನೆಯದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಎರಡನೆಯದು ಬೇರೇ ಊದಿಕೊಂಡದ್ದು, ಉಜ್ಜಿದರೆ ಹೋಗದು. ಸೂರ್ಯಕಾಂತಿಗೆ ರೆನಿಫಾರ್ಮ್ ಎಂಬ ಜಂತುಹುಳು ಹತ್ತಿದ್ದರೆ ಗಂಟೇ ಇರದು. ಅದರ ಮೊಟ್ಟೆಗಳ ಲೋಳೆಗೆ ಮಣ್ಣು ಮೆತ್ತಿ, ತೊಳೆದ ಬೇರೂ ಕೊಳೆಯಾಗಿಯೇ ಕಾಣುತ್ತದೆ.

ಗುಳಿಗೆಯಿಂದ ಲಾಭವೇ ಇಲ್ಲ ಎನ್ನಲಾರೆ. ಬಿತ್ತುವಾಗ ಸಾಲಿಗೆ ಹಾಕಿದ ಕಾರ್ಬೋಫ್ಯುರಾನ್ ಗುಳಿಗೆ ಎಳೆ ಬೇರನ್ನು ಕೆಲವು ವಾರ ಕಾಯುತ್ತದೆ. ಆದರೆ ಸಸಿ ಬಾಡಿದ ಮೇಲೆ ಎರಚುವುದು ದುಡ್ಡು ದಂಡ: ಹುಳು ಆಗಲೇ ಬೇರಿನೊಳಗೆ ಮನೆ ಮಾಡಿರುತ್ತದೆ. ಉಳಿದ ಒಂದೊಂದು ಹೆಣ್ಣೂ ನೂರಾರು ಮೊಟ್ಟೆಯಿಟ್ಟು, ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು ಎಬ್ಬಿಸುತ್ತದೆ. ಕಾಳೆಂದು ನುಂಗಿದ ಸಣ್ಣ ಹಕ್ಕಿ ಸಾಯಲು ಮಾತ್ರ ಒಂದೇ ಗುಳಿಗೆ ಸಾಕು. ಇಂಥದೇ ಇನ್ನೊಂದು ಗುಳಿಗೆ ಫೋರೇಟ್ ಅನ್ನು ಸರ್ಕಾರ 2020ರ ಕೊನೆಗೆ ನಿಷೇಧಿಸಿದ್ದು ಸುಮ್ಮನಲ್ಲ.

ಗುಳಿಗೆಯ ಬದಲು ಬೇವಿನ ಹಿಂಡಿ ಒಳ್ಳೆಯದೇ, ಆದರೆ ಎಕರೆಗೆ ಬೇಕಾದಷ್ಟು ಕೊಳ್ಳುವ ಶಕ್ತಿ ಒಣಬೇಸಾಯದ ಶೇಂಗಾ ರೈತನಿಗೆ ಎಲ್ಲಿದೆ?

ಕರಪತ್ರಗಳ 'ಬೆಳೆ ಬದಲಿಸಿ' ಎಂಬ ಸಲಹೆಯ ಮೇಲೆ ನನಗೆ ಇನ್ನೂ ಹೆಚ್ಚು ತಕರಾರಿದೆ. ಯಾವ ಹುಳು ಎಂದು ಹೇಳದೆ ಯಾವ ಬೆಳೆಗೆ ಬದಲಿಸುವುದು? ರೆನಿಫಾರ್ಮ್ ಇರುವ ಹೊಲದಲ್ಲಿ ಸೂರ್ಯಕಾಂತಿ ಬಿಟ್ಟು ಹರಳು ಬಿತ್ತಿದರೆ ಹುಳುವಿಗೆ ಹಬ್ಬದೂಟ. ಅಲ್ಲಿ ಶೇಂಗಾ ಮೇಲು. ಬೇರುಗಂಟಿನ ಹುಳುವಿನಲ್ಲಿ ಇನ್ನೂ ಸೂಕ್ಷ್ಮ: ಇನ್‌ಕಾಗ್ನಿಟಾ ಜಾತಿ ಶೇಂಗಾದಲ್ಲಿ ಬೆಳೆಯದು, ಅರೆನೇರಿಯಾ ಅದನ್ನೇ ಹುಡುಕಿಕೊಂಡು ಬರುತ್ತದೆ.

ಹುಳು ಗುರುತಿಸಿ ಹೆಜ್ಜೆಯಿಟ್ಟ ಉದಾಹರಣೆ ಪಕ್ಕದ ಆಂಧ್ರದಲ್ಲೇ ಇದೆ. 1975-76ರಲ್ಲಿ ಕಾಳಹಸ್ತಿ ಸೀಮೆಯಲ್ಲಿ ಶೇಂಗಾ ಗಿಡ ಗಿಡ್ಡಾಗಿ, ಎಳೆ ಕಾಯಿಗಳ ಮೇಲೆ ಕಂದುಗಪ್ಪು ಚುಕ್ಕೆ ಬಿದ್ದಾಗ ಕಾರಣ ಜಂತುಹುಳುವೆಂದು ಪತ್ತೆಹಚ್ಚಿದರು. ಮುಂದೆ ಅದನ್ನು ತಡೆಯುವ ತಿರುಪತಿ-3 ತಳಿಯೂ ಬಂತು.

ನಮ್ಮ ರೈತನ ಕೈಯಲ್ಲಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಜಂತುಹುಳುವಿಗೆ ಒಂದು ಸಾಲೂ ಇಲ್ಲ. ಕಾರ್ಡಿನ ಪರೀಕ್ಷೆಗೆ ಮಣ್ಣನ್ನು ಒಣಗಿಸಿ ಕೊಡಬೇಕು. ಹುಳು ಎಣಿಸುವುದಕ್ಕೆ ಹಸಿಯಾಗಿ, ಬೇರಿನ ಸಮೇತ, ಬಿಸಿಲು ತಾಗದಂತೆ ಒಯ್ಯಬೇಕು.