ಜಲಪಥದ ಮರ್ಯಾದೆ

ಸಮುದ್ರದಲ್ಲಿ ನೌಕೆಗಳು ಒಂದನ್ನೊಂದು ತಾಗದೆ ಸಂಚರಿಸತಕ್ಕ ಕ್ರಮವನ್ನು ವಿಧಿಸುವ ಅಂತರರಾಷ್ಟ್ರೀಯ ನಿಯಮಾವಳಿಯೊಂದು 1972ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಅಂಗೀಕೃತವಾಗಿ, 1977ರ ಜುಲೈ 15ರಿಂದ ಆಚರಣೆಗೆ ಬಂದಿತು. ನಮ್ಮ ದೇಶವಾದರೋ 1975ರಲ್ಲಿಯೇ ಅದಕ್ಕೆ ತಕ್ಕ ನಿಯಮಗಳನ್ನು ಮಾಡಿಕೊಂಡಿದ್ದಿತು. ಕಾಯಿದೆಯ ಪುಸ್ತಕಗಳನ್ನು ಗದ್ಯಕೃತಿಗಳೆಂದೇ ಭಾವಿಸಿ ಓದುವ ದುರಭ್ಯಾಸವೊಂದು ನನಗುಂಟು. ಆ ಕಣ್ಣಿನಿಂದ ನೋಡಿದಾಗ, ಸಮಿತಿಗಳ ಬರವಣಿಗೆಯಲ್ಲಿ ಅಪರೂಪವಾದ ಒಂದು ಗುಣ, ಎಂದರೆ ತಾನು ಹೇಳಹೊರಟದ್ದೇನೆಂಬ ನಿಶ್ಚಯ, ಈ ನಿಯಮಾವಳಿಯಲ್ಲಿ ಆದ್ಯಂತವಾಗಿ ಉಳಿದುಕೊಂಡಿರುವುದು ಕಾಣುತ್ತದೆ. ಹಕ್ಕನ್ನು ದಯಪಾಲಿಸುವ ವಿಷಯದಲ್ಲಿ ಅದು ಬಲು ಜಿಪುಣ. ಹೊಣೆಯನ್ನು ಹೊರಿಸುವ ವಿಷಯದಲ್ಲಿ ಮಹಾ ಉದಾರಿ. ಎರಡು ಯಂತ್ರನೌಕೆಗಳ ಮಾರ್ಗಗಳು ಅಡ್ಡಹಾಯುವಾಗ ಯಾವುದು ಇನ್ನೊಂದನ್ನು ತನ್ನ ಬಲಮಗ್ಗುಲಲ್ಲಿ ಕಾಣುವುದೋ ಅದು ದಾರಿ ಬಿಡತಕ್ಕದ್ದು. ಇನ್ನೊಂದು ತನ್ನ ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗತಕ್ಕದ್ದು. ಆದರೆ ದಾರಿ ಬಿಡಬೇಕಾದವನು ಬಿಡದೆ ಹೋದನೆಂದರೆ, ನೇರ ಸಾಗುತ್ತಿದ್ದವನೇ ತಪ್ಪಿಸಿಕೊಳ್ಳುವ ಉಪಾಯವನ್ನೂ ಮಾಡತಕ್ಕದ್ದು. ಅಮೆರಿಕದ ನಾವಿಕರ ಹಳೆಯ ಬಳಕೆಯಲ್ಲಿ ಈ ಇಬ್ಬರಲ್ಲಿ ಒಬ್ಬನಿಗೆ ‘ವಿಶೇಷಾಧಿಕಾರವುಳ್ಳವನು’ ಎಂದೂ ಮತ್ತೊಬ್ಬನಿಗೆ ‘ಹೊರೆ ಹೊತ್ತವನು’ ಎಂದೂ ಅರ್ಥ ಬರುವ ಹೆಸರುಗಳಿದ್ದುವು. 1972ರ ಬರಹ ಅವೆರಡನ್ನೂ ಹತ್ತಿರ ಸೇರಿಸದೆ, ‘ದಾರಿ ಬಿಡುವ ನೌಕೆ’, ‘ನೇರ ಸಾಗುವ ನೌಕೆ’ ಎಂಬ ಶುಷ್ಕವಾದ ಪದಗಳನ್ನು ಆರಿಸಿಕೊಂಡಿತು. ಅಹಂಕಾರಕ್ಕೆ ಆಹಾರವಾಗಬಲ್ಲ ಮಾತೊಂದನ್ನು ತೆಗೆದು ನಿರುಪದ್ರವಿಯಾದ ಮಾತನ್ನು ಇಟ್ಟ ಈ ಕರ್ತೃಗಳ ಭಾಷಾವಿವೇಕ ನಮ್ಮ ಎಷ್ಟೋ ಶಾಸನಕರ್ತರಿಗೆ ಇಲ್ಲ.

ಇಷ್ಟು ಪ್ರಶಂಸೆಯ ಬಳಿಕ ಅದರ ಮೌನವನ್ನು ಕುರಿತು ಹೇಳಬೇಕು. ಸುರಕ್ಷಿತ ವೇಗವನ್ನು ನಿರ್ಧರಿಸುವ ಆರನೆಯ ನಿಯಮವು ಬೆಳಕು, ಮಂಜು, ನೌಕೆಗಳ ದಟ್ಟಣೆ, ಗಾಳಿ, ಪ್ರವಾಹ, ನೀರಿನ ಆಳ ಇವೆಲ್ಲವನ್ನೂ ಎಣಿಸುತ್ತದೆ. ನೌಕೆಯು ತಾನೇ ಎಬ್ಬಿಸಿ ಹಿಂದೆ ಬಿಟ್ಟುಹೋಗುವ ಅಲೆಯನ್ನು ಮಾತ್ರ ಎಣಿಸುವುದಿಲ್ಲ. ಅದು ಡಿಕ್ಕಿಯನ್ನು ಕುರಿತ ಗ್ರಂಥವಾದುದರಿಂದ ಈ ಮೌನ ಸಹಜವೇ ಸರಿ. ಆದರೆ ಇಕ್ಕಟ್ಟಾದ ಕರಾವಳಿಯ ಜಲಮಾರ್ಗಗಳಲ್ಲಿ ದೋಣಿಗಾರರು ಒಬ್ಬರನ್ನೊಬ್ಬರು ಶಪಿಸುವುದು ಬಹುಮಟ್ಟಿಗೆ ಡಿಕ್ಕಿಗಾಗಿ ಅಲ್ಲ, ಅಲೆಗಾಗಿ. ಒಂದು ನಿಯಮವನ್ನೂ ಮುರಿಯದೆ, ಐವತ್ತು ಅಡಿ ದೂರದಲ್ಲಿಯೇ ಹಾದುಹೋದ ಒಬ್ಬ ಮಹಾನುಭಾವನು, ಇನ್ನೊಬ್ಬನ ಒಲೆಯ ಮೇಲಿದ್ದ ಕುದಿನೀರನ್ನು ಅಡಿಗೆ ಮಾಡುತ್ತಿದ್ದವಳ ಕಾಲಮೇಲೆ ಸುರಿಸಿ, ಹಿಂತಿರುಗಿಯೂ ನೋಡದೆ ತಿರುವಿನಲ್ಲಿ ಮರೆಯಾಗಬಲ್ಲನು.

ಇಂತಹ ಮನಸ್ತಾಪಗಳಿಗೆ ಪ್ರಸಿದ್ಧವಾದ ರಂಗಸ್ಥಳ ಅಮೆರಿಕದ ಪೂರ್ವತೀರದ ಇಂಟ್ರಾಕೋಸ್ಟಲ್ ವಾಟರ್‌ವೇ. ವರ್ಜೀನಿಯಾದ ನಾರ್ಫೋಕ್ ಊರನ್ನು ಸೊನ್ನೆಯ ಮೈಲಿಯೆಂದು ಹಿಡಿದು ದಕ್ಷಿಣಕ್ಕೆ ಫ್ಲಾರಿಡಾದ ಮಯಾಮಿಯವರೆಗೆ ಎಣಿಸಿದರೆ ಸುಮಾರು 1,090 ಮೈಲಿ. ಹೊರಗಡಲಿನ ಬಿರುಗಾಳಿಗೆ ಅಂಜುವ ದೋಣಿಗಳು ನೆಲದ ಮರೆಯಲ್ಲಿಯೇ ಸಾಗಲೆಂದು, ಅಳಿವೆಗಳನ್ನೂ ಹಿನ್ನೀರುಗಳನ್ನೂ ನದಿಗಳನ್ನೂ ತೋಡಿದ ಕಾಲುವೆಗಳಿಂದ ಹೊಲಿದು ಮಾಡಿದ ಹಾದಿ ಇದು. ಆಳವು ಯೋಜನೆಯ ಕಾಗದದಲ್ಲಿ ಉತ್ತರಭಾಗಕ್ಕೆ 12 ಅಡಿ, ದಕ್ಷಿಣದ ಕೊನೆಗೆ 10 ಅಡಿ; ವಾಸ್ತವದಲ್ಲಿ ಮರಳು ಬಿಟ್ಟುಕೊಟ್ಟಷ್ಟು. ಶರತ್ಕಾಲ ಬಂದಿತೆಂದರೆ ಉತ್ತರದ ಚಳಿಗೆ ಬೆನ್ನು ತಿರುಗಿಸಿದ ನಿವೃತ್ತರು ದಕ್ಷಿಣಕ್ಕೆ ಗುಳೆ ಹೊರಡುತ್ತಾರೆ. ಅವರನ್ನು ಅಲ್ಲಿಯ ಜನ ‘ಹಿಮದ ಹಕ್ಕಿಗಳು’ ಎಂದು ಕರೆಯುತ್ತಾರೆ. ಗಂಟೆಗೆ ಆರು ನಾಟಿಕಲ್ ಮೈಲಿ ಹೋದರೆ ಹೆಚ್ಚೆನ್ನುವ ಹಾಯಿದೋಣಿ, ಏಳೆಂಟು ಹೋಗುವ ವಾಸದ ದೋಣಿ, ಇಪ್ಪತ್ತೈದನ್ನು ಲೀಲೆಯಿಂದ ಮುಟ್ಟುವ ವಿಹಾರನೌಕೆ, ಸರಕು ತುಂಬಿದ ದೋಣಿಗಳ ಸಾಲನ್ನು ನೂಕುತ್ತ ಬರುವ ಟಗ್ಗು, ಇವೆಲ್ಲವೂ ಒಂದೇ ಓಣಿಯಲ್ಲಿ ಏಕಕಾಲಕ್ಕೆ ಸೇರುತ್ತವೆ. ವೇಳಾಪಟ್ಟಿಯ ಪ್ರಕಾರ ಮಾತ್ರ ಎತ್ತುವ ಸೇತುವೆಗಳ ಮುಂದೆ ಗುಂಪುಗೂಡಿ, ಸೇತುವೆ ಎದ್ದೊಡನೆ ನಾ ಮುಂದು ತಾ ಮುಂದು ಎಂದು ನುಗ್ಗುತ್ತವೆ. ಜಾತ್ರೆಯ ದಿನ ತೇರುಬೀದಿಯಲ್ಲಿ ಎತ್ತಿನ ಗಾಡಿಯನ್ನೂ ಬಾಡಿಗೆ ಕಾರನ್ನೂ ಒಟ್ಟಿಗೆ ಬಿಟ್ಟಂತಾಗುತ್ತದೆ.

ಈ ಗೊಂದಲದಿಂದ ಹುಟ್ಟಿದ ಆಚಾರವೊಂದಿದೆ. ನಾನು ಇಲ್ಲಿ ತೂಗಿ ನೋಡಹೊರಟದ್ದು ಮುಖ್ಯವಾಗಿ ಅದನ್ನೇ. ಅಲ್ಲಿಯವರು ಅದನ್ನು ‘ಸ್ಲೋ ಪಾಸ್’ ಎನ್ನುತ್ತಾರೆ. ನಾವು ಮೆಲುಹಾಯಿಕೆ ಎನ್ನೋಣ. ಅದರ ತರ್ಕ ತಿಳಿಯಬೇಕಾದರೆ ದೋಣಿಯ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ: ನೀರಿಗೆ ತಾಗಿದ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅದರ ಸಹಜ ವೇಗ ಬರುತ್ತದೆ. 36 ಅಡಿಯ ದೋಣಿಗೆ ಇದು ಗಂಟೆಗೆ ಎಂಟು ನಾಟಿಕಲ್ ಮೈಲಿ. ಬಲವಾದ ಯಂತ್ರವುಳ್ಳ ಹಗುರವಾದ ದೋಣಿಯಾದರೋ ಈ ಮಿತಿಯನ್ನು ದಾಟಿ ನೀರಿನ ಮೇಲಕ್ಕೆ ಹತ್ತಿ ಜಾರುತ್ತದೆ. ಹಾಗೆ ಜಾರುವಾಗ ಅದು ಎಬ್ಬಿಸುವ ಅಲೆ ನಾವು ಊಹಿಸುವುದಕ್ಕಿಂತ ಚಿಕ್ಕದು. ಅತ್ಯಂತ ದೊಡ್ಡ ಅಲೆ ಏಳುವುದು ಇವೆರಡರ ನಡುವೆ, ಮೂತಿ ಮೇಲೆದ್ದು ಹಿಂಭಾಗ ಕುಸಿದು ದೋಣಿ ನೀರನ್ನು ಉಳುತ್ತ ಹೋಗುವಾಗ. ಆದುದರಿಂದ, ಇಪ್ಪತ್ತೈದರಲ್ಲಿ ಬರುತ್ತಿದ್ದವನೊಬ್ಬ ಮರ್ಯಾದಸ್ಥನಾಗಬೇಕೆಂಬ ಸದ್ಬುದ್ಧಿಯಿಂದ ಹನ್ನೆರಡಕ್ಕೆ ಇಳಿದನೆಂದರೆ, ಏನನ್ನೂ ಲೆಕ್ಕಿಸದೆ ನುಗ್ಗುವ ಒರಟನಿಗಿಂತ ಹೆಚ್ಚಿನ ಅನಾಹುತವನ್ನು ಅವನೇ ಮಾಡುತ್ತಾನೆ. ಅರೆಮನಸ್ಸಿನ ಸೌಜನ್ಯ ಪೂರ್ಣ ಅಸೌಜನ್ಯಕ್ಕಿಂತ ಅಪಾಯಕರವಾಗುವ ಇಂತಹ ಪ್ರಸಂಗ ನೆಲದ ಮೇಲೆ ಸುಲಭವಾಗಿ ಸಿಗಲಾರದು.

ಹಾಗಾದರೆ ಹಿಂದಿನವನು ಪೂರ್ತಿ ನಿಧಾನಿಸಬಾರದೇಕೆ ಎಂದರೆ, ಮುಂದಿನವನು ಏಳರಲ್ಲಿ ಸಾಗುತ್ತಿರುವವರೆಗೂ ಅವನನ್ನು ಹಾಯುವುದಕ್ಕೆ ಒಂಬತ್ತೋ ಹತ್ತೋ ಬೇಕು. ಅದು ಆ ಉಳುಮೆಯ ವೇಗಕ್ಕೇ ಸೇರುತ್ತದೆ. ಆದಕಾರಣ ಮೊದಲು ವೇಗ ತಗ್ಗಿಸಬೇಕಾದವನು ಮುಂದಿನವನು, ಎಂದರೆ ಅಲೆಯ ಪೆಟ್ಟು ತಿನ್ನಬೇಕಾಗಿರುವವನೇ. ಹಿಂದಿನವನು ರೇಡಿಯೋದಲ್ಲಿ ಹೆಸರು ಹಿಡಿದು ಕರೆದು, ಯಾವ ಮಗ್ಗುಲಿನಿಂದ ಹಾಯುವೆನೆಂದು ತಿಳಿಸಬೇಕು. ಮುಂದಿನವನು ಒಪ್ಪಿ, ಚುಕ್ಕಾಣಿಗೆ ದೋಣಿ ಮಾತು ಕೇಳುವಷ್ಟು ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಆಗ ಹಿಂದಿನವನು ಐದಾರರಲ್ಲಿ, ನೀರನ್ನು ಕದಡದೆ, ಪಕ್ಕದಿಂದ ಜಾರಿ ಮುಂದಾಗಬೇಕು. ಅವನು ದಾಟಿದೊಡನೆ ಇವನು ಅವನ ಹಿಂಬದಿಯ ಸಮತಲವಾದ ನೀರಿಗೆ ತನ್ನ ಮೂತಿಯನ್ನು ತಿರುಗಿಸಬೇಕು. ಅವನು ಸಾಕಷ್ಟು ದೂರ ಹೋದ ಮೇಲೆಯೇ ವೇಗ ಹೆಚ್ಚಿಸಬೇಕು. ಅಂತೂ ಎರಡು ನಿಮಿಷಗಳ ವ್ಯವಹಾರ. ನನಗೆ ಇದರ ರಚನೆ ಯಕ್ಷಗಾನದ ಜೋಡಿಕುಣಿತದಷ್ಟೇ ಸುಂದರವಾಗಿ ಕಾಣುತ್ತದೆ: ಒಬ್ಬನು ಹೆಜ್ಜೆ ತಪ್ಪಿದರೆ ಇಬ್ಬರ ಕುಣಿತವೂ ಕೆಡುತ್ತದೆ.

ನಿಧಾನದ ದೋಣಿಯವರ ದೂರುಗಳನ್ನು ಈ ಬೆಳಕಿನಲ್ಲಿ ಪರಿಶೀಲಿಸಿದರೆ ಅರ್ಧಾಂಶ ಬಿದ್ದುಹೋಗುತ್ತದೆ. ತಾನು ವೇಗ ತಗ್ಗಿಸದೆ, ರೇಡಿಯೋ ಕರೆಗೆ ಓಗೊಡದೆ, ಕಾಲುವೆಯ ನಟ್ಟನಡುವೆ ಮೆರವಣಿಗೆ ಹೊರಟವನಂತೆ ಸಾಗುವವನೂ ಅವಿನೀತನೇ. ಆದರೆ ಅವನು ಎಬ್ಬಿಸುವ ಅಲೆ ಸಣ್ಣದಾದುದರಿಂದ ತನ್ನನ್ನು ಸಾಧುವೆಂದು ತಿಳಿದಿರುತ್ತಾನೆ. ಇವರಲ್ಲಿಯೂ ಒಂದು ಜಾತಿಯವರನ್ನು ವಿಶೇಷವಾಗಿ ಹೆಸರಿಸಬೇಕು. ಹಾಯಿದೋಣಿಗೆ ಯಂತ್ರನೌಕೆ ದಾರಿ ಬಿಡಬೇಕೆಂಬ ನಿಯಮವೊಂದುಂಟಷ್ಟೆ. ಅದನ್ನು ನೆಚ್ಚಿ, ಎಂಜಿನ್ನನ್ನು ಓಡಿಸುತ್ತಲೇ ಮೇಲೊಂದು ಹಾಯಿಯನ್ನು ಅಲಂಕಾರಕ್ಕೆಂಬಂತೆ ಬಿಚ್ಚಿಕೊಂಡು ಗೌರವವನ್ನು ಬೇಡುವವರಿದ್ದಾರೆ. ಎಂಜಿನ್ನು ತಿರುಗುತ್ತಿರುವವರೆಗೂ ಅದು ಯಂತ್ರನೌಕೆಯೇ. ಹಗಲಿನಲ್ಲಿ ತುದಿ ಕೆಳಗಾದ ಶಂಕುವೊಂದನ್ನು ತೂಗುಹಾಕಿ ಆ ಸಂಗತಿಯನ್ನು ಸಾರಬೇಕೆಂದು ಇಪ್ಪತ್ತೈದನೆಯ ನಿಯಮವಿದೆ. ಆ ಶಂಕುವನ್ನು ತೂಗುಹಾಕುವ ಸತ್ಯಸಂಧರು ವಿರಳ.

ಆಚಾರದ ನಿಜವಾದ ದೌರ್ಬಲ್ಯ ಬೇರೊಂದೆಡೆ ಇದೆ. ಅಮೆರಿಕದ ಒಳನಾಡಿನ ನೀರಿಗೆ 1980ರಲ್ಲಿ ಆದ ಪ್ರತ್ಯೇಕ ಕಾಯಿದೆಯುಂಟು. ಅದರಂತೆ ಬಲಮಗ್ಗುಲಿನಿಂದ ಹಾಯಬಯಸುವವನು ಒಂದು ಸಲ, ಎಡದಿಂದ ಹಾಯಬಯಸುವವನು ಎರಡು ಸಲ ಕೊಂಬು ಊದಬೇಕು. ಮುಂದಿನವನು ಒಪ್ಪಿದರೆ ಅದೇ ಸದ್ದನ್ನು ಮರಳಿಸಬೇಕು. ಸಂಶಯವಿದ್ದರೆ ಐದು ಸಲ ಊದಬೇಕು. ರೇಡಿಯೋದಲ್ಲಿ ಮಾತಾಡಿ ಒಪ್ಪಂದಕ್ಕೆ ಬಂದವರು ಊದಬೇಕಾಗಿಲ್ಲವೆಂದು ಅದೇ ಕಾಯಿದೆ ವಿನಾಯಿತಿ ಕೊಟ್ಟಿದೆ. ಕೇಳುವುದಕ್ಕೆ ಅನುಕೂಲವಾದ ಈ ವಿನಾಯಿತಿಯಿಂದ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ಕೊಂಬಿನ ಶಬ್ದಕೋಶದಲ್ಲಿ ಇದ್ದುವು ಮೂರೋ ನಾಲ್ಕೋ ಮಾತುಗಳು. ಅವುಗಳಲ್ಲಿ ಬೈಗುಳವಿರಲಿಲ್ಲ, ವ್ಯಂಗ್ಯವಿರಲಿಲ್ಲ, ಎದುರಾಳಿಯ ವಂಶವನ್ನು ಕುರಿತ ಜಿಜ್ಞಾಸೆ ಇರಲಿಲ್ಲ. ರೇಡಿಯೋ ಇವೆಲ್ಲಕ್ಕೂ ಬಾಗಿಲು ತೆರೆಯಿತು. ಆಪತ್ತಿನಲ್ಲಿರುವವರ ಕರೆಗೆಂದು ಮೀಸಲಾದ ಹದಿನಾರನೆಯ ಚಾನೆಲ್ಲಿನಲ್ಲಿಯೇ, ಹಾಯ್ದುಹೋದ ಮೇಲೆ, ಪ್ರಯೋಜನವೇನೂ ಇಲ್ಲದ ಹೊತ್ತಿನಲ್ಲಿ, ವಾಗ್ಯುದ್ಧ ನಡೆಯುತ್ತದೆ. ಕೊಂಬನ್ನೇ ಹಿಡಿದುಕೊಂಡಿರುವ ಕೆಲವರು ಕೂಡ ಸಂಶಯಸೂಚಕವಾದ ಐದು ಊದನ್ನು ಬೈಗುಳವನ್ನಾಗಿ ಮಾಡಿಕೊಂಡಿದ್ದಾರೆ. ಮನುಷ್ಯನ ಸೃಷ್ಟಿಶೀಲತೆಗೆ ಎಣೆಯಿಲ್ಲ.

ಇನ್ನೂ ದೊಡ್ಡ ಕೊರತೆಯೆಂದರೆ, ಮೆಲುಹಾಯಿಕೆ ಸಮಾನರ ನಡುವಣ ಸೌಜನ್ಯ. ಎರಡು ಕಡೆಯೂ ಎಂಜಿನ್ನು ಬೇಕು, ರೇಡಿಯೋ ಬೇಕು, ಭಾಷೆ ಒಂದಾಗಿರಬೇಕು. ದಂಡೆಯ ಮಣ್ಣಿಗೆ, ಸಿಂಪಿಯ ಹಾಸಿಗೆ, ಕಟ್ಟಿಹಾಕಿದ ದೋಣಿಗೆ ವೇಗ ತಗ್ಗಿಸುವ ಶಕ್ತಿಯಿಲ್ಲ. ಫ್ಲಾರಿಡಾದ ನೀರಿನಲ್ಲಿ ಮ್ಯಾನಟೀ ಎಂಬ ಸಾಧುವಾದ ಕಡಲಪ್ರಾಣಿಯೊಂದಿದೆ. ಅದರ ಬೆನ್ನಿನ ಮೇಲೆ ದೋಣಿಯ ಯಂತ್ರದ ರೆಕ್ಕೆಗಳು ಕೊರೆದ ಗಾಯದ ಗುರುತುಗಳಿಂದಲೇ ಸಂಶೋಧಕರು ಇದು ಇಂತಹದು, ಅದು ಅಂತಹದು ಎಂದು ಬೇರೆಬೇರೆಯಾಗಿ ಗುರುತಿಸುತ್ತಾರೆ. ಅದರ ಪಾಲಿಗೆ ಸೌಜನ್ಯವನ್ನು ನಂಬಿ ಕೂಡಲಾಗದೆ, 1978ರಲ್ಲಿ ಆ ರಾಜ್ಯ ಕಾಯಿದೆಯನ್ನೇ ಮಾಡಬೇಕಾಯಿತು. ಈಗ ಅಲ್ಲಲ್ಲಿ ನೀರಿನ ನಡುವೆ ವೇಗಮಿತಿಯ ಹಲಗೆಗಳು ನಿಂತಿವೆ. ವೆನಿಸ್ ನಗರದಲ್ಲಿ ಮೋಟಾರುದೋಣಿಗಳ ಅಲೆ ಮನೆಗಳ ತಳಪಾಯವನ್ನೇ ತಿನ್ನತೊಡಗಿದಾಗ, ಅಲ್ಲಿಯ ಹುಟ್ಟುದೋಣಿಯವರು 1975ರಿಂದ ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹುಟ್ಟುಹಾಕಿಕೊಂಡು ಖಾರಿಯನ್ನೂ ಕಾಲುವೆಗಳನ್ನೂ ಸುತ್ತಿ ಬರುವ ವೋಗಲೋಂಗ ಎಂಬ ಯಾತ್ರೆಯನ್ನು ಆರಂಭಿಸಿದರು. ಪ್ರತಿಭಟನೆಯಾಗಿ ಅದು ಮನೋಹರವಾದುದು. ಅಲೆ ಮಾತ್ರ ನಿಂತಿಲ್ಲ.

ಅಷ್ಟು ದೂರ ಹೋಗುವುದೇಕೆ, ನಮ್ಮ ಮಂಗಳೂರಿನಲ್ಲಿಯೇ ಗುರುಪುರ ನದಿಯೂ ನೇತ್ರಾವತಿಯೂ ಕಡಲಿಗೆ ಸೇರುವ ಅಳಿವೆಯ ಬಳಿ, ಬಂದರಿನಿಂದ ಎದುರಿನ ಬೆಂಗ್ರೆಯ ಮರಳುದಿಣ್ಣೆಗೆ ಜನರನ್ನು ದಾಟಿಸುವ ದೋಣಿಗಳಿವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆಯ ನಿಷೇಧ ಮುಗಿದು ದಕ್ಕೆಯ ಬೋಟುಗಳು ಕಡಲಿಗೆ ಹೊರಡುವ ಸಂಭ್ರಮದ ದಿನಗಳಲ್ಲಿ ಒಮ್ಮೆ ನಾನು ಆ ದೋಣಿಯಲ್ಲಿದ್ದೆ. ದೊಡ್ಡದೊಂದು ಬೋಟು ನಮ್ಮ ಪಕ್ಕದಲ್ಲಿಯೇ ಅಬ್ಬರಿಸಿಕೊಂಡು ಹೋಯಿತು. ನನ್ನ ಪಂಚೆ ಮೊಣಕಾಲವರೆಗೆ ತೊಯ್ದಿತು. ಮೀನುಬುಟ್ಟಿಯ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ತುಳುವಿನಲ್ಲಿ ಏನೋ ಅಂದಳು. ದೋಣಿಯವನು ತುಟಿ ಎರಡು ಮಾಡದೆ, ತೆರೆ ಮುಟ್ಟುವ ಮುನ್ನವೇ ಮೂತಿಯನ್ನು ಅದರ ಕಡೆಗೆ ಓರೆಯಾಗಿ ತಿರುಗಿಸಿ, ಒಂದೆರಡು ಸಲ ಎತ್ತಿ ಇಳಿಸಿಕೊಂಡು, ಮತ್ತೆ ದಾರಿಗೆ ತಂದನು. ಆ ಬೋಟಿನವನಿಗೆ ಎರಡು ಮಾತು ಹೇಳಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, “ಬೈಲಿಕ್ಕೆ ಹೋದ್ರೆ ದೋಣಿ ತಿರುಗಿಸ್ಲಿಕ್ಕೆ ಪುರ್ಸೊತ್ತು ಎಲ್ಲಿ ಮಾರಾಯ್ರೆ?” ಎಂದನು.

ಅವಿನೀತರೊಡನೆ ವ್ಯವಹರಿಸುವ ವಿದ್ಯೆಯೆಂದು ಇದಕ್ಕಿಂತ ಮೇಲಾದುದನ್ನು ನಾನು ಕಾಣೆ. ಆದರೂ ಅದನ್ನು ಮೆಚ್ಚಿ ಸುಮ್ಮನಾಗುವುದು ಅನ್ಯಾಯ. ಏಕೆಂದರೆ ಅಲ್ಲಿ ಕೌಶಲವೆಲ್ಲ ಪೆಟ್ಟು ತಿನ್ನುವವನದು, ಆತುರವೆಲ್ಲ ಪೆಟ್ಟು ಕೊಡುವವನದು. ಮೆಲುಹಾಯಿಕೆಯನ್ನು ಸಮಬಲರ ನಡುವಣ ಆಚಾರವಾಗಿ ನಾನು ಪೂರ್ತಿ ಒಪ್ಪುತ್ತೇನೆ. ಪಾತಿದೋಣಿಯೂ ಮುನ್ನೂರು ಕುದುರೆಯ ಬಲದ ಎಂಜಿನ್ನೂ ಎದುರುಬದುರಾಗುವ ನಮ್ಮ ಅಳಿವೆಗಳಿಗೆ ಅದು ಸಾಲದು. ಇಲ್ಲಿಗೆ ಬೇಕಾದುದು ವೇಗಮಿತಿಯ ಹಲಗೆ, ಮತ್ತು ಆ ಹಲಗೆಯನ್ನು ಕಾಯುವ ಒಬ್ಬ ಮನುಷ್ಯ. ಅದು ಬರುವವರೆಗೆ, ಮಲ್ಪೆಗೋ ಹೊನ್ನಾವರಕ್ಕೋ ಹೋಗಿ ವಿಹಾರದ ಬೋಟು ಹತ್ತುವ ಓದುಗರಲ್ಲಿ ಒಂದು ಬಿನ್ನಹವಿದೆ. ಮುಂದೆ ಚಿಕ್ಕ ದೋಣಿಯೊಂದು ಕಂಡರೆ ನಿಧಾನಿಸೆಂದು ಚಾಲಕನಿಗೆ ಹೇಳಿರಿ, ದೂರದಲ್ಲಿರುವಾಗಲೇ ಹೇಳಿರಿ. ಹತ್ತಿರ ಹೋದ ಮೇಲೆ ಹೇಳಿದರೆ ಏಳುವ ಅಲೆ ಇನ್ನೂ ದೊಡ್ಡದು.